ಬೀಗದ ಕೈ ಬಿಡಿ, ಗಡಿಯಾರ ನೋಡಿ

(ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ)

ಕಳೆದ ತಿಂಗಳು ಕಾಲೇಜು ಬಿಟ್ಟು ಮನೆಗೆ ಹೊರಟಾಗ ಖಾಸಗಿ ಬಸ್ ನಿಲ್ದಾಣದಲ್ಲಿ ಒಬ್ಬರು ಬಿದ್ದರು. ನಲವತ್ತರ ಆಸುಪಾಸಿನ ಮನುಷ್ಯ, ಗಾರೆ ಕೆಲಸ ಮುಗಿಸಿ ಬಂದಂತಿದ್ದರು. ಮೊದಲು ಒಂದು ಕೂಗು, ಆಮೇಲೆ ಮೈಯೆಲ್ಲ ಸೆಟೆದು ಕೈಕಾಲು ಅದುರತೊಡಗಿತು. ನೋಡನೋಡುತ್ತಲೇ ಜನ ಸೇರಿದರು. ಒಬ್ಬರು ಬೀಗದ ಕೈ ಗೊಂಚಲನ್ನು ಅವರ ಮುಷ್ಟಿಗೆ ತುರುಕಿದರು. ಪಕ್ಕದ ಹೋಟೆಲಿನಿಂದ ಯಾರೋ ಈರುಳ್ಳಿ ತಂದು ಜಜ್ಜಿ ಮೂಗಿಗೆ ಹಿಡಿದರು. ಇನ್ನೊಬ್ಬರು ತಮ್ಮ ಚಪ್ಪಲಿಯನ್ನೇ ಬಿಚ್ಚಿ ಮೂಸಿಸಿದರು. ಇಬ್ಬರು ಕಾಲು ಒತ್ತಿ ಹಿಡಿದಿದ್ದರು. ಸುತ್ತ ಐದಾರು ಮೊಬೈಲುಗಳು ಮೇಲೆದ್ದಿದ್ದವು.

ಏನು ಮಾಡಬೇಕು ಎಂದು ನನಗೆ ಗೊತ್ತಿತ್ತು. ಆದರೂ ನಾನು ನಿಂತೇ ಇದ್ದೆ. ಸುತ್ತ ಎಲ್ಲರೂ ಗಂಡಸರು, ನಾನು ಬುರ್ಖಾ ಹಾಕಿದ ಹುಡುಗಿ, ಮಾತಾಡಿದರೆ ಯಾರು ಕೇಳುತ್ತಾರೆ ಎಂಬ ಅಳುಕು. ಕೊನೆಗೆ ಅದುರುವುದು ತಾನಾಗಿಯೇ ನಿಂತ ಮೇಲೆ ಒಳಗೆ ನುಗ್ಗಿ, "ಅಣ್ಣಾ, ಮಗ್ಗುಲಿಗೆ ಮಲಗಿಸಿ, ನೀರು ಕುಡಿಸಬೇಡಿ" ಅಂದೆ. ಒಬ್ಬ ಅಜ್ಜ ನನ್ನ ಮುಖ ನೋಡಿ, "ಡಾಕ್ಟರ್ ಓದ್ತಿದೀಯೇನಮ್ಮಾ?" ಎಂದು ಕೇಳಿದರು. "ಇಲ್ಲಜ್ಜಾ, ಕಾಮರ್ಸ್" ಅಂದೆ. ಅವರಿಗೆ ನನ್ನ ಮೇಲಿದ್ದ ನಂಬಿಕೆ ಅಲ್ಲಿಗೇ ಅರ್ಧ ಇಳಿಯಿತು. ಆದರೂ ಮಗ್ಗುಲಿಗೆ ಮಲಗಿಸಿದರು.

ಕಾಮರ್ಸ್ ಹುಡುಗಿಗೆ ಇದೆಲ್ಲ ಹೇಗೆ ಗೊತ್ತು ಎಂದರೆ, ನನ್ನ ಆಪಾಗೆ ಈ ಕಾಯಿಲೆ ಇದೆ. ಫಿಟ್ಸ್, ಮೂರ್ಛೆರೋಗ, ನಮ್ಮ ಮನೆಮಾತಿನಲ್ಲಿ ಮಿರ್ಗಿ. ಇದನ್ನು ಬರೆಯುವ ಮೊದಲು ಆಪಾಳನ್ನು ಕೇಳಿದೆ. "ಬರಿ. ಇಷ್ಟು ವರ್ಷ ಮುಚ್ಚಿಟ್ಟು ಏನು ಸಿಕ್ಕಿತು?" ಅಂದಳು.

ಆಪಾ ಎಂಟನೇ ಕ್ಲಾಸಿನಲ್ಲಿದ್ದಾಗಲೇ ಇದು ಶುರುವಾಗಿತ್ತು. ಆದರೆ ಅದು ಫಿಟ್ಸ್ ಎಂದು ಐದು ವರ್ಷ ಯಾರಿಗೂ ಹೊಳೆಯಲಿಲ್ಲ, ಏಕೆಂದರೆ ಅವಳು ಬೀಳುತ್ತಲೇ ಇರಲಿಲ್ಲ. ಮಾತಾಡುತ್ತ ಮಾತಾಡುತ್ತ ಪದದ ನಡುವೆ ನಿಂತುಬಿಡುವಳು. ಕಣ್ಣು ತೆರೆದೇ ಇರುತ್ತಿತ್ತು, ಆದರೆ ನಮ್ಮನ್ನು ನೋಡುತ್ತಿರಲಿಲ್ಲ. ಏನೋ ಅಗಿಯುವಂತೆ ಬಾಯಿ ಆಡಿಸುತ್ತ, ಒಂದು ಕೈಯಿಂದ ದುಪಟ್ಟಾದ ಅಂಚನ್ನು ಹೊಸೆಯುತ್ತ ಇರುವಳು. ಒಂದು ನಿಮಿಷದೊಳಗೆ ಮುಗಿಯುತ್ತಿತ್ತು. ಆಮೇಲೆ ಸುಸ್ತು, ಏನು ನಡೆಯಿತೆಂಬ ನೆನಪೇ ಇಲ್ಲ. ಶಾಲೆಯಲ್ಲಿ ಇದಕ್ಕೆ "ಪಾಠದ ಕಡೆ ಗಮನವಿಲ್ಲ" ಎಂದರು. ಪ್ರೋಗ್ರೆಸ್ ಕಾರ್ಡಿನಲ್ಲೂ ಹಾಗೇ ಬರೆದರು. ದಾದಿ ಇದಕ್ಕೆ ನಜರ್ ಎಂದರು, ಆಮೇಲೆ ಅಸರ್ ಎಂದರು. ಕುತ್ತಿಗೆಗೆ ತಾವೀಜ್ ಬಂತು, ದಮ್ ಮಾಡಿದ ನೀರು ಬಂತು. ಅಮ್ಮಿ ಪ್ರತಿ ಸಲ ಬೈಯುತ್ತಿದ್ದರು, ಆಮೇಲೆ ಅಡುಗೆಮನೆಗೆ ಹೋಗಿ ಅಳುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಬಿದ್ದು ನೊರೆ ಬಂದರೆ ಮಾತ್ರ ಮಿರ್ಗಿ ಎಂದು ಅವರಿಗೆ ಯಾರೋ ಕಲಿಸಿದ್ದರು, ಅಷ್ಟೇ.

ಬಿ.ಕಾಂ. ಮೊದಲ ವರ್ಷದಲ್ಲಿ ಒಂದು ರಾತ್ರಿ ಆಪಾಗೆ ದೊಡ್ಡ ಫಿಟ್ಸ್ ಬಂತು. ಅದನ್ನು ಕಂಡಿದ್ದು ನಾನೊಬ್ಬಳೇ, ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತೇವೆ. ಆಗ ಆಸ್ಪತ್ರೆಗೆ ಹೋದೆವು. ಊರಿನ ಡಾಕ್ಟರ್ ಸ್ಕ್ಯಾನ್ ಮಾಡಿಸಿದರು, ಇಇಜಿ ಮಾಡಿಸಿದರು. ಇಇಜಿ ಎಂದರೆ ತಲೆಗೆ ಕರೆಂಟ್ ಕೊಡುತ್ತಾರೆ ಎಂದು ದಾದಿ ಹೆದರಿದ್ದರು. ಹಾಗೇನಿಲ್ಲ. ಎಣ್ಣೆ ಹಚ್ಚದೆ ತಲೆ ತೊಳೆದುಕೊಂಡು ಹೋಗಬೇಕು. ಪೇಸ್ಟ್ ಹಚ್ಚಿ ತಲೆಯ ಮೇಲೆಲ್ಲ ಚಿಕ್ಕ ಚಿಕ್ಕ ವೈರು ಅಂಟಿಸುತ್ತಾರೆ, ಜೋರಾಗಿ ಉಸಿರಾಡಿಸುತ್ತಾರೆ, ಕಣ್ಣೆದುರು ಲೈಟನ್ನು ಮಿಟುಕಿಸುತ್ತಾರೆ. ಅರ್ಧ ಗಂಟೆಯ ಕೆಲಸ. ಮಿದುಳು ತಾನೇ ಹೊರಡಿಸುವ ವಿದ್ಯುತ್ತನ್ನು ಆ ಮಿಷನ್ ಬರೆದುಕೊಳ್ಳುತ್ತದೆಯೇ ಹೊರತು ಏನನ್ನೂ ಒಳಗೆ ಕಳಿಸುವುದಿಲ್ಲ. ನೋವಿಲ್ಲ, ಪೇಸ್ಟ್ ತೊಳೆಯುವುದೇ ದೊಡ್ಡ ಕಷ್ಟ.

ಎರಡೂ ರಿಪೋರ್ಟ್ ನಾರ್ಮಲ್ ಬಂದವು. "ಪರೀಕ್ಷೆಯ ಟೆನ್ಷನ್ ಇರಬೇಕು" ಎಂದರು. ಮನೆಯಲ್ಲಿ ಎಲ್ಲರಿಗೂ ಸಮಾಧಾನ. ಆದರೆ ಫಿಟ್ಸ್ ನಡುವಿನ ಹೊತ್ತಿನಲ್ಲಿ ತೆಗೆದ ಇಇಜಿ ನಾರ್ಮಲ್ ಬರುವುದು ಸಾಮಾನ್ಯ, ಅದರಿಂದ ಕಾಯಿಲೆ ಇಲ್ಲ ಎಂದು ಆಗುವುದಿಲ್ಲ. ಕಳ್ಳ ಬಂದು ಹೋದ ಮೇಲೆ ಖಾಲಿ ಅಂಗಡಿಯ ಫೋಟೋ ತೆಗೆದ ಹಾಗೆ. ಇದು ನಮಗೆ ತಿಳಿದದ್ದು ಎಂಟು ತಿಂಗಳಾದ ಮೇಲೆ.

ಆ ವರ್ಷದ ರಂಜಾನ್‌ನಲ್ಲಿ, ಸೆಹ್ರಿಗೆ ಎದ್ದಾಗ, ಆಪಾ ಮತ್ತೆ ಹಾಗೆ ನಿಂತಳು. ಅಬ್ಬಾ ಅವರ ಫೋನ್ ನನ್ನ ಕೈಯಲ್ಲಿತ್ತು. ಏನು ಯೋಚಿಸಿದೆನೋ ಗೊತ್ತಿಲ್ಲ, ವಿಡಿಯೋ ತೆಗೆದೆ. ಅಮ್ಮಿ ನನಗೆ ಒಂದು ಕೊಟ್ಟರು, "ಅಕ್ಕನ ಮಾನ ತೆಗೀತೀಯಾ" ಎಂದು. ಆ ವಿಡಿಯೋ 48 ಸೆಕೆಂಡಿನದು. ಈದ್ ಮುಗಿದ ಮೇಲೆ ಅಬ್ಬಾ ಅದನ್ನು ಬೆಂಗಳೂರಿನಲ್ಲಿ ಒಬ್ಬ ನರರೋಗ ತಜ್ಞರಿಗೆ ತೋರಿಸಿದರು. ಅವರು ಮೂರು ಸಲ ನೋಡಿದರು. ಆಮೇಲೆ ಆಪಾಳನ್ನು ಬಿಟ್ಟು ನನ್ನನ್ನು ಕೇಳತೊಡಗಿದರು. ಆ ರಾತ್ರಿ ತಲೆ ಯಾವ ಕಡೆಗೆ ತಿರುಗಿತು? ಮೊದಲು ಯಾವ ಕೈ ಅದುರಿತು? ಕಣ್ಣು ತೆರೆದಿತ್ತೋ ಮುಚ್ಚಿತ್ತೋ? ನಾಲಿಗೆ ಕಚ್ಚಿಕೊಂಡಿದ್ದಳಾ, ತುದಿಯೋ ಪಕ್ಕವೋ? ಎದ್ದ ಮೇಲೆ ನಿನ್ನ ಗುರುತು ಹಿಡಿಯಲು ಎಷ್ಟು ಹೊತ್ತು ಬೇಕಾಯಿತು?

ಅಕೌಂಟೆನ್ಸಿಯಲ್ಲಿ ನಮಗೆ ಮೊದಲು ಕಲಿಸುವುದು, ವೋಚರ್ ಇಲ್ಲದೆ ಎಂಟ್ರಿ ಇಲ್ಲ. ಈ ಕಾಯಿಲೆಗೆ ವೋಚರ್ ಎಂದರೆ ಕಣ್ಣಾರೆ ಕಂಡವರ ಮಾತು. ರೋಗಿಗೆ ತನಗೇನಾಯಿತು ಎಂದೇ ಗೊತ್ತಿರುವುದಿಲ್ಲ, ಮಿಷನ್ ಆ ಹೊತ್ತಿಗೆ ಅಲ್ಲಿರುವುದಿಲ್ಲ. ತಲೆಸುತ್ತಿ ಬೀಳುವವರೂ ಒಮ್ಮೊಮ್ಮೆ ಎರಡು ಸಲ ಅದುರುತ್ತಾರೆ, ಆದರೆ ಅವರ ಮುಖ ಮೊದಲೇ ಬಿಳಿಚಿರುತ್ತದೆ, ಬೆವರಿರುತ್ತಾರೆ, ಮಲಗಿಸಿದರೆ ಬೇಗ ಎಚ್ಚರವಾಗಿ ಸರಿಯಾಗಿ ಮಾತಾಡುತ್ತಾರೆ. ಸಕ್ಕರೆ ಇಳಿದರೂ ಫಿಟ್ಸ್ ಬರಬಹುದು. ಇವನ್ನೆಲ್ಲ ಬೇರ್ಪಡಿಸಬೇಕಾದರೆ ಡಾಕ್ಟರಿಗೆ ಬೇಕಾದದ್ದು ಒಬ್ಬ ಸಾಕ್ಷಿ. ಬಸ್ ನಿಲ್ದಾಣದಲ್ಲಿ ಇಪ್ಪತ್ತು ಸಾಕ್ಷಿಗಳಿದ್ದೆವು. ಎಷ್ಟು ನಿಮಿಷ ಅದುರಿತು ಎಂದು ಕೇಳಿದ್ದರೆ ಒಬ್ಬರೂ ಹೇಳಲಾರೆವು.

ಆಪಾಳ ಫಿಟ್ಸ್ ಮಿದುಳಿನ ಒಂದು ಪಕ್ಕದ ಭಾಗದಿಂದ ಹೊರಡುತ್ತದೆ ಎಂದರು. ಕಾರಣ ಸಿಗಲಿಲ್ಲ, ಎಷ್ಟೋ ಜನರಿಗೆ ಸಿಗುವುದೇ ಇಲ್ಲವಂತೆ. ಆದರೆ ಅಲ್ಲಿ ಕಾಯುತ್ತ ಕುಳಿತಾಗ ನೋಡಿದ ಒಂದು ಕುಟುಂಬ ನನಗೆ ಮರೆಯುವುದಿಲ್ಲ. ಹತ್ತು ವರ್ಷದ ಹುಡುಗ. ಅವನ ಸ್ಕ್ಯಾನಿನಲ್ಲಿ ಹುಳದ ಗುಳ್ಳೆ ಕಂಡಿತ್ತು, ಲಾಡಿಹುಳದ ಮರಿಯದು. ಅದು ಹಂದಿಯಿಂದ ಬರುವ ಹುಳ ಎಂದು ಯಾರೋ ಹೇಳಿದ್ದರು. ಆ ತಾಯಿ ಅಮ್ಮಿಯ ಕೈ ಹಿಡಿದುಕೊಂಡು, "ಆಪಾ, ಖುದಾ ಕಸಮ್, ನಮ್ಮ ಮನೆಗೆ ಅದು ಬಂದಿಲ್ಲ" ಎಂದು ಅಳುತ್ತಿದ್ದರು. ಮಗನ ಕಾಯಿಲೆಗಿಂತ ಆ ಅನುಮಾನವೇ ಅವರಿಗೆ ದೊಡ್ಡದಾಗಿತ್ತು.

ನಿಜ ಏನೆಂದರೆ, ಹಂದಿಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದವರ ಹೊಟ್ಟೆಯಲ್ಲಿ ಲಾಡಿಹುಳ ಬೆಳೆಯುತ್ತದೆ. ಆದರೆ ಮಿದುಳಿಗೆ ಹೋಗುವುದು ಅದರ ಮೊಟ್ಟೆಯಿಂದ ಹೊರಬಂದ ಮರಿ. ಆ ಮೊಟ್ಟೆ ಹೊರಬೀಳುವುದು ಹುಳವಿರುವ ಮನುಷ್ಯನ ಮಲದಲ್ಲಿ. ಅಂಥವರು ಕೈ ತೊಳೆಯದೆ ಮುಟ್ಟಿದ ತಿಂಡಿಯಿಂದ, ಕೊಳಚೆ ನೀರು ಹಾಯಿಸಿದ ಸೊಪ್ಪು ಸೌತೆಯನ್ನು ತೊಳೆಯದೆ ತಿಂದರೆ ಅದರಿಂದ, ಯಾರ ಹೊಟ್ಟೆಗೆ ಬೇಕಾದರೂ ಹೋಗಬಹುದು. ಹಂದಿ ಮುಟ್ಟದ ಮುಸ್ಲಿಮರಿಗೂ, ಮಾಂಸವನ್ನೇ ತಿನ್ನದ ಬ್ರಾಹ್ಮಣ ಲಿಂಗಾಯತರಿಗೂ ಬರುತ್ತದೆ. ಅಮೆರಿಕದ ನ್ಯೂಯಾರ್ಕ್‌ನಲ್ಲಿ ಹಂದಿ ಮುಟ್ಟದ ಸಂಪ್ರದಾಯಸ್ಥ ಯಹೂದಿ ಮನೆಗಳಲ್ಲೇ ಇದು ಕಾಣಿಸಿಕೊಂಡ ಬಗ್ಗೆ 1992ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು. ನಮ್ಮ ದೇಶದಲ್ಲಿ ಫಿಟ್ಸ್‌ಗೆ ಇದೂ ಒಂದು ಮುಖ್ಯ ಕಾರಣ. ಇದಕ್ಕೆ ಔಷಧಿ ಇದೆ. ಆ ತಾಯಿಗೆ ಡಾಕ್ಟರ್ ಇದನ್ನೆಲ್ಲ ಬಿಡಿಸಿ ಹೇಳಿದ ಮೇಲೆಯೇ ಅವರು ಮಗನ ಕಡೆ ನೋಡಿದ್ದು. ನಮ್ಮ ಕಾಲೇಜಿನ ಗೇಟಿನ ಎದುರು ಸೌತೆಕಾಯಿ ಕೊಯ್ದು ಕೊಡುವವರಿಗೆ ಒಂದು ಬಕೆಟ್ ನೀರಿನ ವ್ಯವಸ್ಥೆ ಮಾಡಿದರೆ ಒಳ್ಳೆಯದು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಚಿಕಿತ್ಸೆ ಎಂದರೆ ಮಾತ್ರೆ. ಆಪಾಳ ಮಾತ್ರೆಯ ಹೆಸರು ಬರೆಯುವುದಿಲ್ಲ, ಓದಿ ಸೀದಾ ಮೆಡಿಕಲ್ ಶಾಪಿಗೆ ಹೋಗುವವರಿದ್ದಾರೆ. ಒಬ್ಬೊಬ್ಬರ ಫಿಟ್ಸ್‌ಗೆ ಒಂದೊಂದು ಮಾತ್ರೆ. ಫಿನೋಬಾರ್ಬಿಟೋನ್ ಎಂಬ ಅಗ್ಗದ ಮಾತ್ರೆ 1912ರಿಂದಲೂ ಬಳಕೆಯಲ್ಲಿದೆ. ಸರಿಯಾಗಿ ಪತ್ತೆ ಮಾಡಿ ಮಾತ್ರೆ ಕೊಟ್ಟರೆ ನೂರಕ್ಕೆ 70 ಜನ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಲ್ಲರಿಗೂ ಇದು ಜೀವನಪೂರ್ತಿಯ ಮಾತ್ರೆಯೂ ಅಲ್ಲ. ಎರಡು ವರ್ಷವಾದರೂ ಫಿಟ್ಸ್ ಬಾರದಿದ್ದರೆ ಕೆಲವರಿಗೆ ಡಾಕ್ಟರೇ ನಿಧಾನವಾಗಿ ಇಳಿಸುತ್ತಾರೆ. ತಾನಾಗಿ ನಿಲ್ಲಿಸಿದರೆ ಮಾತ್ರ ಮೊದಲಿಗಿಂತ ಜೋರಾಗಿ ಬರಬಹುದು. ನಾನು ಮನೆಯ ಖರ್ಚಿನ ಲೆಕ್ಕ ಬರೆಯುತ್ತೇನೆ. ಆಪಾಳ ಒಂದು ವರ್ಷದ ಮಾತ್ರೆಗೆ ಆದ ಖರ್ಚು, ಅದಕ್ಕೂ ಹಿಂದೆ ತಾವೀಜು, ದೂರದ ದರ್ಗಾಗಳ ಬಸ್ ಚಾರ್ಜು, ಕಾಣಿಕೆ ಎಂದು ಆದ ಖರ್ಚಿನ ಅರ್ಧವೂ ಇಲ್ಲ. ಇದನ್ನು ದಾದಿಗೆ ತೋರಿಸಿಲ್ಲ.

ನಮ್ಮಲ್ಲಿ ಮಾತ್ರೆ ತಪ್ಪುವುದು ಎರಡು ಕಡೆ. ಒಂದು ರಂಜಾನ್. ಉಪವಾಸವಿರಬೇಕೆಂದು ಮಾತ್ರೆ ಬಿಡುವವರು ಎಷ್ಟೋ ಜನ. ರೋಗಿಗೆ ರೋಜಾದಿಂದ ವಿನಾಯಿತಿ ಇರುವುದು ನಮಗೆಲ್ಲ ಗೊತ್ತು, ಆದರೂ "ಒಂದು ತಿಂಗಳು ತಾನೇ" ಎನ್ನುತ್ತೇವೆ. ಡಾಕ್ಟರನ್ನು ಮೊದಲೇ ಕೇಳಿದರೆ, ಸಾಧ್ಯವಿರುವವರಿಗೆ ಸೆಹ್ರಿಗೆ ಒಂದು ಇಫ್ತಾರ್‌ಗೆ ಒಂದು ಎಂದು ಹೊಂದಿಸಿಕೊಡುತ್ತಾರೆ. ಆಗಲೂ ನಿದ್ದೆಗೆಡಬಾರದು, ನಿದ್ದೆ ಕೆಟ್ಟರೆ ಫಿಟ್ಸ್ ಬರುತ್ತದೆ. ಆಪಾಗೆ ಡಾಕ್ಟರ್ ಈ ಎರಡು ವರ್ಷ ರೋಜಾ ಬೇಡ ಎಂದಿದ್ದಾರೆ. ಅವಳು ಇಡುತ್ತಿಲ್ಲ. ಅದನ್ನು ನೆಂಟರಿಗೆ ಹೇಳಲು ಅಮ್ಮಿಗೆ ಈಗಲೂ ಸಂಕೋಚ.

ಎರಡನೆಯದು ರಿಶ್ತಾ. ಕಳೆದ ವರ್ಷ ಆಪಾಗೆ ಒಂದು ಒಳ್ಳೆಯ ಸಂಬಂಧ ಬಂತು. ಹೇಳಬೇಡಿ, ನಿಕಾಹ್ ಆದ ಮೇಲೆ ನೋಡಿಕೊಳ್ಳೋಣ ಎಂದು ಖಾಲಾ ಹೇಳಿಕೊಟ್ಟರು. ಮಾತ್ರೆಗಳನ್ನು ವಿಟಮಿನ್ ಡಬ್ಬಿಯಲ್ಲಿ ಹಾಕಿಟ್ಟರು. ಆಮೇಲೆ ಒಬ್ಬ ಕಸಿನ್ ಮದುವೆ ಬಂತು, ಎರಡು ದಿನ ಶಾದಿಮಹಲ್‌ನಲ್ಲೇ ಇದ್ದೆವು. ಹುಡುಗನ ಕಡೆಯವರೂ ಬಂದಿದ್ದರು. ಅವರ ಕಣ್ಣಿಗೆ ಬಿದ್ದೀತೆಂದು ಆಪಾ ಡಬ್ಬಿ ತೆಗೆಯಲೇ ಇಲ್ಲ. ಮೂರು ಹೊತ್ತಿನ ಮಾತ್ರೆ ತಪ್ಪಿತು, ರಾತ್ರಿಯೆಲ್ಲ ಮೆಹಂದಿ ಎಂದು ನಿದ್ದೆಯೂ ಇಲ್ಲ. ವಲೀಮಾದ ದಿನ ಊಟದ ಹಾಲಿನಲ್ಲಿ ಹೆಂಗಸರ ಕಡೆ ಕುಳಿತಿದ್ದಾಗ ಬಿದ್ದಳು. ಯಾರಿಂದ ಮುಚ್ಚಿಡಲು ಮಾತ್ರೆ ಬಿಟ್ಟಿದ್ದಳೋ ಅವರ ಎದುರೇ ಬಿದ್ದಳು. ಸಂಬಂಧ ಹೋಯಿತು. ಹುಡುಗನ ತಾಯಿ, "ಕಾಯಿಲೆ ಇದೆ ಅಂತಲ್ಲ, ನಮಗೆ ಹೇಳಲಿಲ್ಲ ಅಂತ" ಎಂದರು. ಅದು ನಿಜವೋ ನೆಪವೋ ನನಗೆ ಗೊತ್ತಿಲ್ಲ. ಆದರೆ ಅದಕ್ಕೆ ಉತ್ತರ ಕೊಡಲು ನಮ್ಮಲ್ಲಿ ಯಾರಿಗೂ ಆಗಲಿಲ್ಲ.

ಮುಚ್ಚಿಡಬಾರದು ಎಂದು ನಾನು ಹೇಳುವುದು ಕೇವಲ ಸತ್ಯಕ್ಕಾಗಿ ಅಲ್ಲ. ವಾಲ್‌ಪ್ರೊಯೇಟ್‌ನಂಥ ಕೆಲವು ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಲ್ಲವು. ಆದ್ದರಿಂದ ಮದುವೆಗೆ ಮೊದಲೇ ಡಾಕ್ಟರ್ ಮಾತ್ರೆ ಬದಲಿಸುತ್ತಾರೆ, ಫೋಲಿಕ್ ಆಸಿಡ್ ಕೊಡುತ್ತಾರೆ. ಹೀಗೆ ನೋಡಿಕೊಂಡರೆ ಬಹಳಷ್ಟು ಹೆಂಗಸರು ಆರೋಗ್ಯವಂತ ಮಕ್ಕಳನ್ನೇ ಹೆರುತ್ತಾರೆ. ಗಂಡನಿಂದ ಮಾತ್ರೆ ಬಚ್ಚಿಟ್ಟು ನುಂಗುವವಳು ಇದನ್ನೆಲ್ಲ ಯಾರ ಜೊತೆ ಹೋಗಿ ಕೇಳಬೇಕು? ಕಾನೂನು ಕೂಡ ಬದಲಾಗಿದೆ. ಹಿಂದೂ ವಿವಾಹ ಕಾಯ್ದೆಯಲ್ಲೂ ವಿಶೇಷ ವಿವಾಹ ಕಾಯ್ದೆಯಲ್ಲೂ ಮೂರ್ಛೆರೋಗವನ್ನು ಹುಚ್ಚಿನ ಪಕ್ಕದಲ್ಲೇ ಬರೆದು ಮದುವೆಗೆ ಅಡ್ಡಿ ಎಂದಿದ್ದರು. 1999ರಲ್ಲಿ ಆ ಪದವನ್ನು ತೆಗೆದುಹಾಕಿದರು. ನಮ್ಮ 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆಯ ಕಾರಣಗಳ ಪಟ್ಟಿಯಲ್ಲಂತೂ ಈ ಕಾಯಿಲೆಯ ಹೆಸರೇ ಇಲ್ಲ. ಕಾನೂನು ಬಿಟ್ಟರೂ ಖಾಲಾ ಬಿಡಬೇಕಲ್ಲ. ಈಗ ಆಪಾ ಹೇಳಿಬಿಟ್ಟಿದ್ದಾಳೆ, ಇನ್ನು ಯಾರೇ ಬಂದರೂ ಚಹಾ ಕೊಡುವ ಮೊದಲು ತಾನೇ ಹೇಳುತ್ತೇನೆ ಎಂದು. ಒಬ್ಬರು ಬಂದರು, ಚಹಾ ಕುಡಿಯದೆ ಹೋದರು. ಅವಳು ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ. ಮಾಲೀಕರಿಗೆ ಮೊದಲ ದಿನವೇ ಹೇಳಿದ್ದಳು. ಆ ಮದುವೆಯಾದ ಮೇಲೆ ಇವತ್ತಿಗೆ ಹದಿನಾಲ್ಕು ತಿಂಗಳು, ಒಂದೂ ಫಿಟ್ಸ್ ಬಂದಿಲ್ಲ.

ಇದು ದೀನಿಗೆ ವಿರುದ್ಧವಾದ ಮಾತು ಎಂದು ಯಾರೂ ತಿಳಿಯಬಾರದು. ಬುಖಾರಿಯಲ್ಲಿ ಬರುವ ಆ ಮಹಿಳೆಯ ಪ್ರಸಂಗ ನಮ್ಮಲ್ಲಿ ಹಲವರಿಗೆ ಗೊತ್ತು. ಮೂರ್ಛೆ ಬಂದು ಬೀಳುತ್ತಿದ್ದ ಆಕೆ ಪ್ರವಾದಿಯವರ (ಸ) ಬಳಿ ಬಂದು ದುವಾ ಕೇಳುತ್ತಾರೆ. ಕಾಯಿಲೆಯನ್ನು ಸಹಿಸಿದರೆ ಜನ್ನತ್ ಇದೆ ಎಂದಾಗ ಸಹಿಸಿಕೊಳ್ಳಲು ಒಪ್ಪುತ್ತಾರೆ, ಆದರೆ ಬಿದ್ದಾಗ ಮೈಮೇಲಿನ ಬಟ್ಟೆ ಸರಿಯದಿರಲಿ ಎಂದು ಮಾತ್ರ ದುವಾ ಮಾಡಿಸಿಕೊಳ್ಳುತ್ತಾರೆ. ಆಕೆಯನ್ನು ಜಿನ್ನ್ ಹಿಡಿದವಳೆಂದು ಹೊಡೆಯಲಿಲ್ಲ, ಮನೆಯೊಳಗೆ ಕೂಡಿಹಾಕಲಿಲ್ಲ. ಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಹೇಳಿದವರೂ ಪ್ರವಾದಿಯವರೇ. ಆಪಾ ದುವಾನೂ ಮಾಡುತ್ತಾಳೆ, ಮಾತ್ರೆಯನ್ನೂ ನುಂಗುತ್ತಾಳೆ. ನನಗೆ ಆ ಪ್ರಸಂಗದಲ್ಲಿ ಮನಸ್ಸಿಗೆ ನಾಟುವುದು ಆ ಬಟ್ಟೆಯ ಮಾತು. ಆಕೆಗೆ ನೋವಿಗಿಂತ ದೊಡ್ಡದಾಗಿದ್ದದ್ದು ನೋಡುವವರ ಕಣ್ಣು. ಶಾದಿಮಹಲ್‌ನಲ್ಲಿ ಎದ್ದು ಕುಳಿತ ಆಪಾ ಮೊದಲು ಹುಡುಕಿದ್ದು ದುಪಟ್ಟಾವನ್ನು.

ಹಾಗಾದರೆ ವಿಡಿಯೋ ತೆಗೆಯಬೇಕೋ ಬೇಡವೋ? ನನ್ನ ವಿಡಿಯೋದಿಂದಲೇ ಕಾಯಿಲೆ ಪತ್ತೆಯಾಯಿತು ಎಂದು ನಾನೇ ಹೇಳಿದ್ದೇನೆ. ನನ್ನ ಅಭಿಪ್ರಾಯ ಇಷ್ಟು. ಮನೆಯವರು ತೆಗೆಯಲಿ, ಅಥವಾ ಜೊತೆಗಿರುವ ಒಬ್ಬರು ತೆಗೆದು ಮನೆಯವರ ಕೈಗೆ ಕೊಟ್ಟು ತಮ್ಮ ಫೋನಿನಿಂದ ಅಳಿಸಲಿ. ಸ್ಟೇಟಸ್‌ಗೆ ಹಾಕುವವರು ಸಾಕ್ಷಿಗಳಲ್ಲ. (ಕಾಲೇಜಿಗೆ ಮೊಬೈಲ್ ತರಬಾರದು ಎಂಬ ನಿಯಮ ನನಗೆ ಗೊತ್ತು. ಎಷ್ಟು ಬ್ಯಾಗಿನಲ್ಲಿ ಇರುತ್ತದೆ ಎಂಬುದು ಪ್ರಿನ್ಸಿಪಾಲರಿಗೂ ಗೊತ್ತು.)

ಈಗ ಕಾಲೇಜಿನ ವಿಷಯ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸಮೀಕ್ಷೆ ಮಾಡಿದಾಗ ಸಾವಿರಕ್ಕೆ 8.8 ಜನರಿಗೆ ಮೂರ್ಛೆರೋಗ ಇರುವುದು ಕಂಡುಬಂದಿತ್ತು. ಪೇಟೆಯಲ್ಲಿ 5.7, ಹಳ್ಳಿಯಲ್ಲಿ 11.9. ನಮ್ಮ ಕಾಲೇಜಿನಲ್ಲಿ ಸುಮಾರು ಎಂಟುನೂರು ವಿದ್ಯಾರ್ಥಿಗಳಿದ್ದೇವೆ. ಹೀಗೆ ನೇರವಾಗಿ ಗುಣಿಸುವುದು ತಪ್ಪು ಎಂದು ನಮ್ಮ ಸ್ಟ್ಯಾಟಿಸ್ಟಿಕ್ಸ್ ಮೇಡಂ ಹೇಳುತ್ತಾರೆ, ಆದರೂ ಗುಣಿಸಿದೆ. ಏಳು ಬರುತ್ತದೆ. ಈ ಎರಡು ವರ್ಷದಲ್ಲಿ ತನಗಿದೆ ಎಂದು ಹೇಳಿದವರನ್ನು ನಾನು ಒಬ್ಬರನ್ನೂ ಕಂಡಿಲ್ಲ. ಅಡ್ಮಿಷನ್ ಫಾರಂನಲ್ಲಿ ಕಾಯಿಲೆಯ ಕಾಲಂ ಇದೆ, ಎಲ್ಲರೂ "ಇಲ್ಲ" ಎಂದೇ ಬರೆಯುತ್ತೇವೆ. ಬರೆದರೆ ಸೀಟು ಸಿಗುವುದಿಲ್ಲವೇನೋ ಎಂಬ ಭಯ. ಬರೆದದ್ದನ್ನು ಕ್ಲಾಸ್ ಟೀಚರ್ ಬಿಟ್ಟು ಯಾರೂ ನೋಡುವುದಿಲ್ಲ, ಅದರಿಂದ ಸೀಟು ಹೋಗುವುದಿಲ್ಲ ಎಂದು ಆ ಕಾಲಂ ಕೆಳಗೆ ಒಂದು ಸಾಲು ಅಚ್ಚು ಹಾಕಿಸಬಹುದೇ ಎಂದು ಆಡಳಿತ ಮಂಡಳಿಯವರಲ್ಲಿ ಕೇಳಿಕೊಳ್ಳುತ್ತೇನೆ. ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಎಂಬ ಕಾರ್ಯಕ್ರಮ ಶುರು ಮಾಡಿದೆ. ತಲೆನೋವು, ಪಾರ್ಶ್ವವಾಯು, ಮರೆವಿನ ಕಾಯಿಲೆ, ಫಿಟ್ಸ್ ಇವನ್ನು ಬೆಂಗಳೂರಿಗೆ ಓಡದೆ ಹತ್ತಿರದಲ್ಲೇ ಗುರುತಿಸಬೇಕೆಂಬುದು ಅದರ ಉದ್ದೇಶ. ಅಂಥ ತರಬೇತಿ ಪಡೆದ ಡಾಕ್ಟರೊಬ್ಬರನ್ನು ಕರೆಸಿ ಎಲ್ಲ ಸ್ಟಾಫ್‌ಗೆ, ಆಫೀಸಿನವರಿಗೆ, ಅಟೆಂಡರ್ ಅಂಕಲ್‌ಗೂ ಒಂದು ಗಂಟೆ ಹೇಳಿಸಿದರೆ ಸಾಕು.

ಅಲ್ಲಿಯವರೆಗೆ ಇಷ್ಟು ನೆನಪಿರಲಿ. ಯಾರಾದರೂ ಬಿದ್ದರೆ ಮೊದಲು ಗಡಿಯಾರ ನೋಡಿ. ಬೆಂಚು, ಕಲ್ಲು, ಕಂಪಾಸ್ ಬಾಕ್ಸ್ ದೂರ ಸರಿಸಿ ತಲೆಯ ಕೆಳಗೆ ಬ್ಯಾಗ್ ಇಡಿ. ಕುತ್ತಿಗೆಯ ಹತ್ತಿರದ ಹಿಜಾಬ್ ಪಿನ್ ತೆಗೆದು ಸಡಿಲಿಸಿ, ಮುಖದ ಮೇಲೆ ನಖಾಬ್ ಇದ್ದರೆ ತೆಗೆಯಿರಿ, ಕಾಲಿನ ಮೇಲೆ ದುಪಟ್ಟಾ ಹೊದಿಸಿ. ಅದುರುವ ಕೈಕಾಲು ಹಿಡಿಯಬೇಡಿ. ಬಾಯಿಗೆ ಚಮಚ, ಬೆರಳು, ನೀರು ಯಾವುದೂ ಬೇಡ. ನಾಲಿಗೆಯನ್ನು ಯಾರೂ ನುಂಗುವುದಿಲ್ಲ, ಚಮಚದಿಂದ ಹಲ್ಲು ಮಾತ್ರ ಮುರಿಯುತ್ತದೆ. ಅದುರುವುದು ನಿಂತ ಕೂಡಲೇ ಮಗ್ಗುಲಿಗೆ ಮಲಗಿಸಿ, ಪೂರ್ತಿ ಎಚ್ಚರವಾಗುವವರೆಗೆ ಪಕ್ಕದಲ್ಲೇ ಇರಿ. ಐದು ನಿಮಿಷ ದಾಟಿದರೆ, ಅಥವಾ ಒಂದು ಮುಗಿದು ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ, ಅಥವಾ ಇದೇ ಮೊದಲ ಸಲವಾದರೆ 108ಕ್ಕೆ ಫೋನ್ ಮಾಡಿ. ಬೀಗದ ಕೈ ಏಕೆ ಬೇಡವೆಂದರೆ, ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಆ ಹೆಸರು ಬೀಗದ ಕೈಗೆ ಹೋಗುತ್ತದೆ, ಡಾಕ್ಟರ ಹತ್ತಿರ ಹೋಗುವುದು ಹಾಗೇ ಉಳಿಯುತ್ತದೆ.

ಈ ಸಂಗತಿಗಳನ್ನು ಒಂದು ದೊಡ್ಡ ಚಾರ್ಟಿನಲ್ಲಿ ಬರೆದು ಆಫೀಸಿನ ಹೊರಗೂ ಹುಡುಗಿಯರ ವಿಶ್ರಾಂತಿ ಕೋಣೆಯಲ್ಲೂ ಅಂಟಿಸಲು ಅನುಮತಿ ಕೇಳಿದ್ದೇನೆ. ಕನ್ನಡದ್ದನ್ನು ನಾನೇ ಬರೆಯುತ್ತೇನೆ. ಉರ್ದುವಿನಲ್ಲಿ ನನ್ನ ಕೈಬರಹ ಚೆನ್ನಾಗಿಲ್ಲ, ಅದಕ್ಕೆ ಯಾರಾದರೂ ಬೇಕು. ಬರೆಯುವವರು ಸೆಕೆಂಡ್ ಇಯರ್ ಕಾಮರ್ಸ್ ಬಿ ಸೆಕ್ಷನ್‌ಗೆ ಬಂದು ಕೇಳಿ.